ಆಡಿದ ಮಾತು, ಕೇಳಿದ ಮತ

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಮನೆಯಲ್ಲಿ, ನೆರೆಹೊರೆಯಲ್ಲಿ ಆಡಿದ ಮಾತಿಗೇ ಇದು ನಿಜವಾದರೆ, ಸಾವಿರಾರು ಜನರ ಮುಂದೆ ಧ್ವನಿವರ್ಧಕದೆದುರು ನಿಂತು ರಾಜಕಾರಣಿಯೊಬ್ಬರು ಆಡಿದ ಮಾತಿನ ಗತಿಯೇನು? ಒಂದು ಜನಸಮುದಾಯವನ್ನೇ ಕೀಳಾಗಿ ಕಂಡು ಅಧಿಕಾರಕ್ಕೆ ಬಂದವರು, ಕೆಲವು ವರ್ಷಗಳ ನಂತರ ಅದೇ ಸಮುದಾಯದ ಮನೆಬಾಗಿಲಿಗೆ ಹೋಗಿ ಮತ ಕೇಳಿದರೆ ಆ ಜನ ಏನು ಮಾಡಬೇಕು?

ಇದು ಬರಿಯ ಊಹೆಯ ಪ್ರಶ್ನೆಯಲ್ಲ. ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ರಾಜ್ಯದಲ್ಲಿ ಇದು ನಿಜವಾಗಿ ನಡೆದಿದೆ. ಅಲ್ಲಿನ ಗವರ್ನರ್ ಜಾರ್ಜ್ ವ್ಯಾಲೇಸ್ 1963ರಲ್ಲಿ ಕಪ್ಪುಜನರನ್ನು ಎಂದೆಂದಿಗೂ ದೂರವೇ ಇಡುವುದಾಗಿ ಸಾರಿದರು. 1982ರಲ್ಲಿ ಅದೇ ವ್ಯಾಲೇಸ್ ಕಪ್ಪುಜನರ ಮತಗಳ ನೆರವಿನಿಂದ ನಾಲ್ಕನೆಯ ಬಾರಿ ಗವರ್ನರ್ ಆಗಿ ಆಯ್ಕೆಯಾದರು. ಅಮೆರಿಕದ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ. ಜನರಿಂದ ನೇರವಾಗಿ ಆರಿಸಿ ಬಂದು, ನಮ್ಮ ಮುಖ್ಯಮಂತ್ರಿಗಳಂತೆ ರಾಜ್ಯವನ್ನಾಳುವವರು. ಈ 19 ವರ್ಷಗಳಲ್ಲಿ ಬದಲಾದದ್ದು ಒಬ್ಬ ಮನುಷ್ಯನ ಮನಸ್ಸೇ, ಅಥವಾ ಬೇರೆ ಏನಾದರೂ ಇದೆಯೇ? ಅದನ್ನು ನೋಡೋಣ.

ಸೋಲು ಕಲಿಸಿದ ಪಾಠ

ವ್ಯಾಲೇಸ್ 1919ರಲ್ಲಿ ಅಲಬಾಮಾದ ಕ್ಲಯೋ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಕಾನೂನು ಓದಿದರು. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಸಿಬ್ಬಂದಿಯಾಗಿ ದುಡಿದರು. ಬಳಿಕ ಶಾಸಕರಾದರು, ನ್ಯಾಯಾಧೀಶರಾದರು. ಆ ಕಾಲದಲ್ಲಿ ದಕ್ಷಿಣದ ಬಿಳಿಯರು ಕಪ್ಪುಜನರನ್ನು, ಅವರು ಎಷ್ಟೇ ವಯಸ್ಸಾದವರಾಗಿರಲಿ, ಹೆಸರು ಹಿಡಿದು ಕೂಗುವುದು ವಾಡಿಕೆ. 'ಮಿಸ್ಟರ್' ಎಂಬ ಗೌರವ ಬಿಳಿಯರಿಗೆ ಮಾತ್ರ ಮೀಸಲು. ಸೆಲ್ಮಾ ಊರಿನ ಕಪ್ಪು ವಕೀಲ ಜೆ. ಎಲ್. ಚೆಸ್ಟ್‌ನಟ್ ಮುಂದೆ ಹೇಳಿಕೊಂಡಂತೆ, ನ್ಯಾಯಾಲಯದಲ್ಲಿ ತಮ್ಮನ್ನು ಮೊದಲ ಬಾರಿ 'ಮಿಸ್ಟರ್' ಎಂದು ಕರೆದ ನ್ಯಾಯಾಧೀಶರು ಇದೇ ವ್ಯಾಲೇಸ್.

1958ರಲ್ಲಿ ವ್ಯಾಲೇಸ್ ಮೊದಲ ಬಾರಿಗೆ ಗವರ್ನರ್ ಹುದ್ದೆಗೆ ಸ್ಪರ್ಧಿಸಿದರು. ಎದುರಾಳಿ ಜಾನ್ ಪ್ಯಾಟರ್‌ಸನ್. ಕಪ್ಪುಜನರನ್ನು ಹಿಂಸೆಯಿಂದ ಹೆದರಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಗುಂಪು ಪ್ಯಾಟರ್‌ಸನ್ ಬೆನ್ನಿಗಿತ್ತು. ವ್ಯಾಲೇಸ್ ವರ್ಣ ಪ್ರತ್ಯೇಕತೆಯ ವಿರೋಧಿಯೇನೂ ಆಗಿರಲಿಲ್ಲ. ಆದರೆ ಅವರ ಮಾತು ಮೃದುವಾಗಿತ್ತು, ಕ್ಲಾನ್ ಗುಂಪನ್ನು ಟೀಕಿಸಿದ್ದರು. ಅವರು ಸೋತರು. ಇನ್ನು ಮುಂದೆ ಜನಾಂಗದ ವಿಷಯದಲ್ಲಿ ಯಾರೂ ತನ್ನನ್ನು ಮೀರಿಸಿ ಕಟುವಾಗಿ ಮಾತಾಡಲು ಬಿಡೆನೆಂದು ಅವರು ಆಪ್ತರ ಬಳಿ ಶಪಥ ಮಾಡಿದರೆಂದು ಹೇಳುತ್ತಾರೆ. ಈ ಮಾತನ್ನು ವ್ಯಾಲೇಸ್ ಆಮೇಲೆ ನಿರಾಕರಿಸಿದ್ದೂ ಉಂಟು. ಮಾತು ಆಡಿದರೋ ಬಿಟ್ಟರೋ, ಮುಂದೆ ನಡೆದುಕೊಂಡದ್ದಂತೂ ಹಾಗೆಯೇ. 1962ರ ಚುನಾವಣೆಯಲ್ಲಿ ಪ್ರತ್ಯೇಕತೆಯ ಕಟ್ಟಾ ಪ್ರತಿಪಾದಕರಾಗಿ ನಿಂತು ಗೆದ್ದರು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ದ್ವೇಷದ ಮಾತು ಯಾವಾಗಲೂ ದ್ವೇಷ ತುಂಬಿದ ಮನಸ್ಸಿನಿಂದಲೇ ಬರಬೇಕೆಂದಿಲ್ಲ. ಮತದ ಲೆಕ್ಕಾಚಾರದಿಂದಲೂ ಬರುತ್ತದೆ. ಹಾಗೆಂದು ಅದರ ಪರಿಣಾಮ ಕಡಿಮೆಯಾಗುವುದಿಲ್ಲ.

ಮೆಟ್ಟಿಲ ಮೇಲಿಂದ ಹೊರಟ ಮಾತು

1963ರ ಜನವರಿ 14. ರಾಜಧಾನಿ ಮಾಂಟ್ಗಮರಿಯ ಶಾಸನಭವನದ ಮುಂದೆ ವ್ಯಾಲೇಸ್ ಪ್ರಮಾಣವಚನ ಸ್ವೀಕರಿಸಿದರು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಅಮೆರಿಕದಿಂದ ಸಿಡಿದು ಹೋದಾಗ, 1861ರಲ್ಲಿ ಅವುಗಳ ಅಧ್ಯಕ್ಷ ಜೆಫರ್‌ಸನ್ ಡೇವಿಸ್ ಪ್ರಮಾಣ ಮಾಡಿದ ಜಾಗವೂ ಅದೇ. ಅಲ್ಲಿ ನಿಂತು ವ್ಯಾಲೇಸ್, ಇಂದು ಪ್ರತ್ಯೇಕತೆ, ನಾಳೆ ಪ್ರತ್ಯೇಕತೆ, ಎಂದೆಂದಿಗೂ ಪ್ರತ್ಯೇಕತೆ ಎಂದು ಸಾರಿದರು. ಆ ಭಾಷಣವನ್ನು ಬರೆದುಕೊಟ್ಟ ಏಸ ಕಾರ್ಟರ್ ಕ್ಲಾನ್ ಗುಂಪಿಗೆ ಸೇರಿದ್ದ ವ್ಯಕ್ತಿ.

ಅದೇ ವರ್ಷ ಜೂನ್ 11ರಂದು ಅಲಬಾಮಾ ವಿಶ್ವವಿದ್ಯಾಲಯಕ್ಕೆ ವಿವಿಯನ್ ಮೆಲೋನ್ ಮತ್ತು ಜೇಮ್ಸ್ ಹುಡ್ ಎಂಬ ಇಬ್ಬರು ಕಪ್ಪು ವಿದ್ಯಾರ್ಥಿಗಳು ಹೆಸರು ನೋಂದಾಯಿಸಲು ಬಂದರು. ನ್ಯಾಯಾಲಯದ ಆದೇಶ ಅವರ ಪರವಾಗಿತ್ತು. ಆದರೂ ವ್ಯಾಲೇಸ್ ಸಭಾಂಗಣದ ಬಾಗಿಲಿಗೆ ಅಡ್ಡ ನಿಂತರು. ಎದುರಿಗೆ ಟೆಲಿವಿಷನ್ ಕ್ಯಾಮೆರಾಗಳು. ಅಧ್ಯಕ್ಷ ಕೆನಡಿ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯನ್ನು ಕೇಂದ್ರದ ವಶಕ್ಕೆ ತೆಗೆದುಕೊಂಡ ಮೇಲೆ ವ್ಯಾಲೇಸ್ ಪಕ್ಕಕ್ಕೆ ಸರಿದರು. ವಿದ್ಯಾರ್ಥಿಗಳು ಅದೇ ದಿನ ಒಳಗೆ ಹೋದರು. ತಡೆಯಲಾಗದೆಂದು ಗೊತ್ತಿದ್ದೂ ತಡೆದಂತೆ ತೋರಿಸಿಕೊಂಡ ಆ ದೃಶ್ಯ ವ್ಯಾಲೇಸರನ್ನು ದೇಶಕ್ಕೆಲ್ಲ ಪರಿಚಯಿಸಿತು.

ಸೆಪ್ಟೆಂಬರ್ 15ರ ಭಾನುವಾರ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕಪ್ಪುಜನರ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಬಾಲಕಿಯರು ಸತ್ತರು. ಬಾಂಬ್ ಇಟ್ಟವರು ಕ್ಲಾನ್ ಗುಂಪಿನವರು. ಮಾರ್ಟಿನ್ ಲೂಥರ್ ಕಿಂಗ್ ಅವರು ವ್ಯಾಲೇಸ್‌ಗೆ ತಂತಿ ಕಳುಹಿಸಿ, ಈ ಮಕ್ಕಳ ಸಾವಿನ ಹೊಣೆ ನಿಮ್ಮ ಮೇಲೂ ಇದೆ ಎಂದರು. ವ್ಯಾಲೇಸ್ ಬಾಂಬ್ ಇಡಲಿಲ್ಲ, ಇಡಲು ಹೇಳಲೂ ಇಲ್ಲ. ಆದರೆ ರಾಜ್ಯದ ಅತ್ಯುನ್ನತ ಸ್ಥಾನದಲ್ಲಿರುವವರೇ ಒಂದು ಜನವನ್ನು ದೂರವಿಡಬೇಕು ಎಂದಾಗ, ಕೆಳಗಿರುವ ಹಿಂಸಾಪ್ರವೃತ್ತಿಯವರು ಆ ಮಾತಿನಿಂದ ಏನನ್ನು ಎತ್ತಿಕೊಳ್ಳುತ್ತಾರೆ? ಕಿಂಗ್ ಕೇಳಿದ್ದು ಈ ಪ್ರಶ್ನೆಯನ್ನು.

ಪಟ್ಟಿಯಲ್ಲಿಲ್ಲದ ಹೆಸರುಗಳು

ಇಷ್ಟೆಲ್ಲ ಆಡಿಯೂ ವ್ಯಾಲೇಸ್‌ಗೆ ಚುನಾವಣೆಯಲ್ಲಿ ನಷ್ಟವಾಗಲಿಲ್ಲ. ಕಾರಣ ಸರಳ. ಅವರ ಮಾತಿನಿಂದ ನೊಂದವರಲ್ಲಿ ಹೆಚ್ಚಿನವರಿಗೆ ಮತವೇ ಇರಲಿಲ್ಲ.

ಕಪ್ಪುಜನರಿಗೆ ಮತದ ಹಕ್ಕನ್ನು ಅಮೆರಿಕದ ಸಂವಿಧಾನ 1870ರಲ್ಲೇ ಕೊಟ್ಟಿತ್ತು. ದಕ್ಷಿಣದ ರಾಜ್ಯಗಳು ಅದನ್ನು ಉಪಾಯದಿಂದ ಕಿತ್ತುಕೊಂಡವು. ಅಲಬಾಮಾ 1901ರಲ್ಲಿ ರಚಿಸಿಕೊಂಡ ರಾಜ್ಯ ಸಂವಿಧಾನದ ಒಂದು ಮುಖ್ಯ ಉದ್ದೇಶವೇ ಅದಾಗಿತ್ತು. ಮತ ಹಾಕಲು ತೆರಿಗೆ, ಪಟ್ಟಿಗೆ ಸೇರಲು ಅಕ್ಷರ ಪರೀಕ್ಷೆ. ಕಾಲೇಜು ಓದಿದ ಕಪ್ಪು ಉಪಾಧ್ಯಾಯರನ್ನೂ ಅಧಿಕಾರಿ 'ಅನುತ್ತೀರ್ಣ' ಎಂದು ಕಳುಹಿಸಬಹುದಿತ್ತು. ಸೆಲ್ಮಾದಲ್ಲಿ ನೋಂದಣಿ ಕಚೇರಿ ತೆರೆಯುತ್ತಿದ್ದದ್ದು ತಿಂಗಳಿಗೆ ಎರಡೇ ದಿನ. 1965ರ ಆರಂಭದಲ್ಲಿ ಸೆಲ್ಮಾ ಇರುವ ಡಲ್ಲಾಸ್ ಜಿಲ್ಲೆಯಲ್ಲಿ ಮತ ಹಾಕುವ ವಯಸ್ಸಿನ ಕಪ್ಪುಜನ ಸುಮಾರು 15,000. ಪಟ್ಟಿಯಲ್ಲಿದ್ದವರು ನೂರಕ್ಕೆ ಎರಡು ಮೂರು ಮಂದಿ. ಸ್ವತಂತ್ರ ಭಾರತದಲ್ಲಿ 1951-52ರ ಮೊದಲ ಮಹಾಚುನಾವಣೆಯಲ್ಲೇ ಓದು ಬಾರದ ಕೋಟ್ಯಂತರ ಜನ ಚಿಹ್ನೆ ನೋಡಿ ಮತ ಹಾಕಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

1965ರ ಮಾರ್ಚ್ 7ರಂದು ಮತದ ಹಕ್ಕು ಕೇಳಲು ಸುಮಾರು 600 ಜನ ಸೆಲ್ಮಾದಿಂದ ಮಾಂಟ್ಗಮರಿಗೆ ನಡೆದು ಹೊರಟರು. ಎಡ್ಮಂಡ್ ಪೆಟಸ್ ಸೇತುವೆಯನ್ನು ದಾಟುತ್ತಲೇ ವ್ಯಾಲೇಸ್ ಸರ್ಕಾರದ ಪೊಲೀಸರು ಲಾಠಿ, ಅಶ್ರುವಾಯುಗಳೊಂದಿಗೆ ಮೇಲೆ ಬಿದ್ದರು. ಮುಂದಿನ ಸಾಲಿನಲ್ಲಿದ್ದ 25ರ ತರುಣ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕು ಬಿಟ್ಟಿತು. ಆ ರಾತ್ರಿ ಅಮೆರಿಕದ ಒಂದು ಟೆಲಿವಿಷನ್ ಜಾಲ ನಾಜಿ ಅಪರಾಧಿಗಳ ವಿಚಾರಣೆ ಕುರಿತ ಚಲನಚಿತ್ರವನ್ನು ಪ್ರಸಾರ ಮಾಡುತ್ತಿತ್ತು. ಅದನ್ನು ನಡುವೆ ನಿಲ್ಲಿಸಿ ಸೆಲ್ಮಾದ ದೃಶ್ಯಗಳನ್ನು ತೋರಿಸಿತು. ಪರದೇಶದ ಅನ್ಯಾಯವನ್ನು ನೋಡುತ್ತ ಕುಳಿತಿದ್ದವರು ಸ್ವದೇಶದ ಅನ್ಯಾಯವನ್ನು ಕಂಡರು. ಆಗಸ್ಟ್ 6ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮತದಾನ ಹಕ್ಕು ಕಾಯಿದೆಗೆ ಸಹಿ ಹಾಕಿದರು. ಕೇಂದ್ರದ ಅಧಿಕಾರಿಗಳು ದಕ್ಷಿಣಕ್ಕೆ ಬಂದು ನೋಂದಣಿಗೆ ಕುಳಿತರು. ಅಲಬಾಮಾದಲ್ಲಿ ಕಾಯಿದೆಗೆ ಮೊದಲು ಮತದಾರರ ಪಟ್ಟಿಯಲ್ಲಿದ್ದ ಕಪ್ಪುಜನರ ಪ್ರಮಾಣ ಶೇಕಡಾ 19ರಷ್ಟು. 1967ರ ವೇಳೆಗೆ ಅದು ಶೇಕಡಾ 51ನ್ನು ದಾಟಿತು.

ಹುಂಜದ ಚಿಹ್ನೆ

ಕಾಯಿದೆಯ ಪರಿಣಾಮ ಮೊದಲು ಕಂಡದ್ದು ಎಲ್ಲಿ ಗೊತ್ತೇ? ಮತಪತ್ರದ ಮೇಲೆ. ಅಲಬಾಮಾದ ಡೆಮಾಕ್ರಟಿಕ್ ಪಕ್ಷದ ಚಿಹ್ನೆ ಆಗ ಒಂದು ಬಿಳಿ ಹುಂಜವಾಗಿತ್ತು. ಅದರ ಜೊತೆ ಬಿಳಿಯರ ಪ್ರಭುತ್ವವನ್ನು ಸಾರುವ ಘೋಷಣೆಯೊಂದು ದಶಕಗಳಿಂದ ಅಚ್ಚಾಗುತ್ತಿತ್ತು. 1966ರಲ್ಲಿ ಪಕ್ಷ ಆ ಘೋಷಣೆಯನ್ನು ತೆಗೆದುಹಾಕಿತು. ಪಕ್ಷದ ಮುಖಂಡರೆಲ್ಲರ ಮನಸ್ಸು ಒಂದೇ ವರ್ಷದಲ್ಲಿ ಪರಿವರ್ತನೆಯಾಯಿತೇ? ಇಲ್ಲ. ಆ ಮತಪತ್ರವನ್ನು ಕೈಯಲ್ಲಿ ಹಿಡಿದು ಓದುವವರು ಬದಲಾಗಿದ್ದರು.

ಆದರೆ ಕಾಯಿದೆ ಬಂದ ಮರುದಿನವೇ ಎಲ್ಲ ಸರಿಹೋಯಿತೆಂದು ತಿಳಿಯಬಾರದು. ಅಲಬಾಮಾದಲ್ಲಿ ಕಪ್ಪುಜನ ಒಟ್ಟು ಜನಸಂಖ್ಯೆಯ ಕಾಲು ಭಾಗದಷ್ಟು ಮಾತ್ರ. ಬಿಳಿಯರ ಭಯವನ್ನು ಕೆರಳಿಸಿ ಗೆಲ್ಲುವ ದಾರಿ ಇನ್ನೂ ತೆರೆದಿತ್ತು. 1968ರಲ್ಲಿ ವ್ಯಾಲೇಸ್ ಪ್ರತ್ಯೇಕ ಪಕ್ಷದಿಂದ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತು ದಕ್ಷಿಣದ ಐದು ರಾಜ್ಯಗಳನ್ನು ಗೆದ್ದರು. 1970ರ ಗವರ್ನರ್ ಚುನಾವಣೆಯಲ್ಲಿ ಎದುರಾಳಿ ಆಲ್ಬರ್ಟ್ ಬ್ರೂವರ್ ಕಪ್ಪುಜನರ ಮತವನ್ನೂ ಕೇಳಿದಾಗ, ಅದನ್ನೇ ದೋಷವೆಂದು ಎತ್ತಿ ತೋರಿಸಿ, ಬಿಳಿಯರನ್ನು ಹೆದರಿಸುವ ಜಾಹೀರಾತುಗಳ ಬಲದಿಂದ ಗೆದ್ದರು.

ಗಾಲಿಕುರ್ಚಿಯಲ್ಲಿ ಬಂದವರು

1972ರಲ್ಲಿ ವ್ಯಾಲೇಸ್ ಮತ್ತೆ ಅಧ್ಯಕ್ಷ ಸ್ಥಾನಕ್ಕೆ ಪ್ರಚಾರ ನಡೆಸುತ್ತಿದ್ದರು. ಮೇ 15ರಂದು ಮೇರಿಲ್ಯಾಂಡ್ ರಾಜ್ಯದ ಲಾರೆಲ್‌ನಲ್ಲಿ ಬಿಳಿಯ ಯುವಕನೊಬ್ಬ ಅವರ ಮೇಲೆ ಗುಂಡು ಹಾರಿಸಿದ. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಆಸ್ಪತ್ರೆಗೆ ನೋಡಲು ಬಂದವರಲ್ಲಿ ಶರ್ಲಿ ಚಿಸಮ್ ಒಬ್ಬರು. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಅವರು. ಆ ವರ್ಷ ಅಧ್ಯಕ್ಷ ಸ್ಥಾನದ ಸ್ಪರ್ಧೆಯಲ್ಲಿ ವ್ಯಾಲೇಸ್‌ಗೆ ಎದುರಾಳಿಯೂ ಹೌದು. ಸ್ವಂತ ಜನರೇ ಚಿಸಮ್ ಅವರನ್ನು ಟೀಕಿಸಿದರು. ಎರಡು ವರ್ಷಗಳ ನಂತರ, ಮನೆಗೆಲಸದವರಿಗೂ ಕನಿಷ್ಠ ವೇತನ ಅನ್ವಯವಾಗುವ ಮಸೂದೆಗೆ ದಕ್ಷಿಣದ ಸದಸ್ಯರ ಮತ ದೊರಕಿಸಲು ವ್ಯಾಲೇಸ್ ನೆರವಾದರೆಂದು ಚಿಸಮ್ ಹೇಳಿದ್ದಾರೆ. ಆ ಕೆಲಸದಲ್ಲಿದ್ದವರಲ್ಲಿ ಕಪ್ಪು ಮಹಿಳೆಯರು ಬಹುಸಂಖ್ಯೆಯಲ್ಲಿದ್ದರು.

1979ರಲ್ಲಿ ವ್ಯಾಲೇಸ್ ಮಾಂಟ್ಗಮರಿಯ ಡೆಕ್ಸ್‌ಟರ್ ಅವೆನ್ಯೂ ಚರ್ಚಿಗೆ ಗಾಲಿಕುರ್ಚಿಯಲ್ಲಿ ಹೋದರು. ಕಿಂಗ್ ಅವರು 1954ರಿಂದ ಪಾದ್ರಿಯಾಗಿದ್ದ ಚರ್ಚು ಅದು. 1963ರ ಭಾಷಣ ನಡೆದ ಶಾಸನಭವನ ಅಲ್ಲಿಂದ ಕೂಗಳತೆಯ ದೂರ. ಅಲ್ಲಿ ನೆರೆದಿದ್ದ ಕಪ್ಪುಜನರಿಗೆ ವ್ಯಾಲೇಸ್ ಹೇಳಿದ ಮಾತಿನ ಸಾರಾಂಶ ಇಷ್ಟು: ನೋವೆಂದರೇನೆಂದು ಈಗ ನನಗೆ ತಿಳಿದಿದೆ, ನಿಮ್ಮ ನೋವಿನಲ್ಲಿ ನನ್ನ ಪಾಲೂ ಇದೆ, ಕ್ಷಮಿಸಿ ಎಂದಷ್ಟೇ ಕೇಳಬಲ್ಲೆ. ಅದೇ ವರ್ಷ ಜಾನ್ ಲೂಯಿಸ್ ಅವರನ್ನೂ ಭೇಟಿಯಾದರು. ಎದುರಿಗೆ ಕುಳಿತವರು ಬದಲಾದ ಮನುಷ್ಯರೆಂದು ತಮಗೆ ಅನಿಸಿತು, ತಾವು ಕ್ಷಮಿಸಿದೆವು ಎಂದು ಲೂಯಿಸ್ ಮುಂದೆ ಬರೆದರು.

ಎಲ್ಲರೂ ಹಾಗೆ ಒಪ್ಪಲಿಲ್ಲ. ಇದು ಮತ ಗಿಟ್ಟಿಸುವ ಇನ್ನೊಂದು ನಾಟಕ ಎಂದವರಿದ್ದರು. ಅವರ ಸಂಶಯಕ್ಕೂ ಆಧಾರವಿತ್ತು. ಮೂರು ವರ್ಷಗಳಲ್ಲೇ ವ್ಯಾಲೇಸ್ ಮತ್ತೆ ಅಭ್ಯರ್ಥಿಯಾದರು.

1982ರ ಲೆಕ್ಕ

1982ರಲ್ಲಿ ಡೆಮಾಕ್ರಟಿಕ್ ಪಕ್ಷದ ಒಳಗಿನ ಅಂತಿಮ ಸುತ್ತಿನಲ್ಲಿ ವ್ಯಾಲೇಸ್ ಎದುರು ಜಾರ್ಜ್ ಮೆಕ್‌ಮಿಲನ್ ಎಂಬ ಉದಾರವಾದಿ ಯುವ ನಾಯಕರಿದ್ದರು. ನಾಗರಿಕ ಹಕ್ಕುಗಳ ಚಳವಳಿಯ ಅನೇಕರು ಮೆಕ್‌ಮಿಲನ್ ಪರ ನಿಂತರು. ವ್ಯಾಲೇಸ್ ಶೇಕಡಾ 51ರಷ್ಟು ಮತ ಪಡೆದು ಅಲ್ಪ ಅಂತರದಿಂದ ಗೆದ್ದರು. ಕಪ್ಪು ಮತದಾರರಲ್ಲಿ ಸುಮಾರು ಮೂರನೆಯ ಒಂದು ಭಾಗ ವ್ಯಾಲೇಸ್ ಕಡೆ ಬಂದಿತ್ತೆಂದು ಅಂದಾಜು. ಅದಿಲ್ಲದಿದ್ದರೆ ಅವರು ಸೋಲುತ್ತಿದ್ದರು. ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ, ಮಾಂಟ್ಗಮರಿಯ ಮೇಯರ್ ಎಮರಿ ಫಾಲ್ಮರ್ ಎದುರಿಗಿದ್ದಾಗ ಕಪ್ಪುಜನರ ಬಹುಪಾಲು ಮತ ವ್ಯಾಲೇಸ್‌ಗೆ ಬಿತ್ತು.

ಏಕೆ? ಹಳೆಯದನ್ನು ಮರೆತರೆಂದೇ? ಬರ್ಮಿಂಗ್‌ಹ್ಯಾಮಿನ ಮಕ್ಕಳನ್ನು, ಸೆಲ್ಮಾದ ಸೇತುವೆಯನ್ನು ಆ ಜನ ಹೇಗೆ ಮರೆತಾರು? ಆ ವರ್ಷ ಅಲಬಾಮಾದಲ್ಲಿ ನಿರುದ್ಯೋಗ ತೀವ್ರವಾಗಿತ್ತು. ವ್ಯಾಲೇಸ್ ಹಿಂದಿನ ಅವಧಿಗಳಲ್ಲಿ ತೆರೆದಿದ್ದ ಕಿರಿಯ ಕಾಲೇಜುಗಳು, ವೃತ್ತಿ ಶಾಲೆಗಳು, ಮಕ್ಕಳಿಗೆ ಕೊಟ್ಟ ಉಚಿತ ಪಠ್ಯಪುಸ್ತಕಗಳು ಬಡವರ ನೆನಪಿನಲ್ಲಿದ್ದವು. ಫಾಲ್ಮರ್ ಅವರಿಗೂ ಮಾಂಟ್ಗಮರಿಯ ಕಪ್ಪುಜನರಿಗೂ ಆಗಿಬರುತ್ತಿರಲಿಲ್ಲ. ಕೆಲವರು ಕ್ಷಮಿಸಿ ಮತ ಹಾಕಿದರು. ಕೆಲವರು ಕ್ಷಮಿಸದೆಯೂ ಮತ ಹಾಕಿದರು. ಕೈಗೆ ಬಂದ ಮತವನ್ನು ಇಬ್ಬರಲ್ಲಿ ಯಾರಿಗೆ ಕೊಟ್ಟರೆ ನಾಳೆ ತಮಗೆ ಒಳ್ಳೆಯದು ಎಂದು ಅಳೆದು ನೋಡಿದರು. ಇದನ್ನು ದೌರ್ಬಲ್ಯ ಎನ್ನಲಾಗದು, ಪೌರರು ಮಾಡಬೇಕಾದ ಕೆಲಸವೇ ಇದು.

ವ್ಯಾಲೇಸ್ 1983ರಿಂದ 1987ರವರೆಗಿನ ಆ ಕೊನೆಯ ಅವಧಿಯಲ್ಲಿ ಸರ್ಕಾರದ ಹುದ್ದೆಗಳಿಗೆ, ಮಂಡಳಿಗಳಿಗೆ ಕಪ್ಪುಜನರನ್ನು ಅಲಬಾಮಾ ಹಿಂದೆ ಕಾಣದಷ್ಟು ಸಂಖ್ಯೆಯಲ್ಲಿ ನೇಮಿಸಿದರು. ನಿವೃತ್ತರಾದ ಮೇಲೂ ಕ್ಷಮೆ ಕೇಳುವುದನ್ನು ಬಿಡಲಿಲ್ಲ. 1995ರಲ್ಲಿ ಸೆಲ್ಮಾ ನಡಿಗೆಯ 30ನೆಯ ವರ್ಷದ ನೆನಪಿಗೆ ಮತ್ತೆ ನಡೆದು ಬಂದವರನ್ನು ಮಾಂಟ್ಗಮರಿಯಲ್ಲಿ ಗಾಲಿಕುರ್ಚಿಯಲ್ಲೇ ಕುಳಿತು ಸ್ವಾಗತಿಸಿದರು. 1996ರಲ್ಲಿ, ತಾವು ಬಾಗಿಲಲ್ಲಿ ತಡೆದಿದ್ದ ವಿವಿಯನ್ ಮೆಲೋನ್ ಅವರಿಗೆ ದಿವಂಗತ ಪತ್ನಿಯ ಹೆಸರಿನ ಧೈರ್ಯ ಪ್ರಶಸ್ತಿಯನ್ನಿತ್ತರು. ಆಗ ಯಾವ ಚುನಾವಣೆಯೂ ಅವರ ಮುಂದಿರಲಿಲ್ಲ. 1998ರ ಸೆಪ್ಟೆಂಬರ್ 13ರಂದು ತೀರಿಕೊಂಡರು.

ಉಳಿದವರ ದಾರಿ

ಇಂಥ ಪರೀಕ್ಷೆಯನ್ನು ಎದುರಿಸಿದವರು ವ್ಯಾಲೇಸ್ ಒಬ್ಬರೇ ಅಲ್ಲ. ಯುವಕರಾಗಿದ್ದಾಗ ಕ್ಲಾನ್ ಸೇರಿದ್ದ ರಾಬರ್ಟ್ ಬರ್ಡ್ ಎಂಬ ಸೆನೆಟರ್ 1964ರ ನಾಗರಿಕ ಹಕ್ಕು ಮಸೂದೆಯ ವಿರುದ್ಧ 14 ಗಂಟೆಗೂ ಹೆಚ್ಚು ಕಾಲ ಮಾತಾಡಿದ್ದರು. ಅದು ತಪ್ಪಾಗಿತ್ತೆಂದು ಮುಂದೆ ಹಲವು ಸಲ ಬಹಿರಂಗವಾಗಿ ಒಪ್ಪಿಕೊಂಡರು. ದಕ್ಷಿಣ ಕ್ಯಾರೊಲಿನಾದ ಸ್ಟ್ರಾಮ್ ಥರ್ಮಂಡ್ 1948ರಲ್ಲಿ ವರ್ಣ ಪ್ರತ್ಯೇಕತೆಯ ಪರ ಅಧ್ಯಕ್ಷ ಸ್ಥಾನಕ್ಕೆ ನಿಂತವರು. 1957ರ ನಾಗರಿಕ ಹಕ್ಕು ಮಸೂದೆಯ ವಿರುದ್ಧ 24 ಗಂಟೆ 18 ನಿಮಿಷ ಮಾತಾಡಿದವರು. ಕಪ್ಪುಜನರಿಗೆ ಮತ ಬಂದ ಮೇಲೆ, 1971ರಲ್ಲಿ ತಮ್ಮ ಕಚೇರಿಗೆ ಕಪ್ಪು ಸಹಾಯಕರನ್ನು ನೇಮಿಸಿಕೊಂಡರು. 1983ರಲ್ಲಿ ಕಿಂಗ್ ಜನ್ಮದಿನದ ರಜೆಗೆ ಮತ ಹಾಕಿದರು. ಆದರೆ ವ್ಯಾಲೇಸ್ ರೀತಿಯಲ್ಲಿ ಕ್ಷಮೆ ಕೇಳಲಿಲ್ಲ. 2002ರ ಡಿಸೆಂಬರ್‌ನಲ್ಲಿ ಥರ್ಮಂಡ್ ಅವರ ನೂರನೆಯ ಹುಟ್ಟುಹಬ್ಬದಂದು ಸೆನೆಟರ್ ಟ್ರೆಂಟ್ ಲಾಟ್, ಆ 1948ರ ಸ್ಪರ್ಧೆಯನ್ನು ಹೊಗಳಿ ಮಾತಾಡಿದರು. ಎಷ್ಟು ಕ್ಷಮೆ ಕೇಳಿದರೂ ಸಾಲದೆ, ಎರಡೇ ವಾರಗಳಲ್ಲಿ ಪಕ್ಷದ ಸೆನೆಟ್ ನಾಯಕತ್ವವನ್ನು ಬಿಡಬೇಕಾಯಿತು. 1948ರಲ್ಲಿ ನಾಲ್ಕು ರಾಜ್ಯಗಳನ್ನು ಗೆದ್ದುಕೊಟ್ಟ ನಿಲುವು 2002ರಲ್ಲಿ ಹುದ್ದೆಯನ್ನೇ ಕಳೆಯಿತು. ಈ ನಡುವೆ ಮತದಾರರ ಪಟ್ಟಿ ಬದಲಾಗಿತ್ತು.

ನಾವು ತಿಳಿಯಬೇಕಾದದ್ದು

ವಿದ್ಯಾರ್ಥಿ ಮಿತ್ರರೇ, ವ್ಯಾಲೇಸ್ ಅವರ ಪಶ್ಚಾತ್ತಾಪ ನಿಜವೋ ನಟನೆಯೋ ಎಂದು ಚರಿತ್ರೆ ಅವರ ಎದೆಯನ್ನು ಸೀಳಿ ನೋಡಲಾರದು. ಆದರೆ ಕ್ಷಮೆ, ಮತ, ಚರಿತ್ರೆ ಈ ಮೂರನ್ನೂ ಬೇರೆಬೇರೆಯಾಗಿ ಕಾಣುವುದನ್ನು ಈ ಪ್ರಸಂಗ ನಮಗೆ ಕಲಿಸುತ್ತದೆ. ಕ್ಷಮೆ ಕೊಡುವ ಅಧಿಕಾರ ನೊಂದವರದು ಮಾತ್ರ. ಜಾನ್ ಲೂಯಿಸ್ ಕೊಡಬಹುದು, ಅವರ ಪರವಾಗಿ ಇನ್ನೊಬ್ಬರು ಕೊಡಲಾರರು. ಕೊಡದಿದ್ದವರನ್ನು ನಾವು ದೂರುವಂತಿಲ್ಲ. ಮತ ಎಂಬುದು ನಾಳೆಯ ಕುರಿತ ತೀರ್ಮಾನ. ಚರಿತ್ರೆ ಮಾತ್ರ ಎರಡನ್ನೂ ಬರೆದಿಡಬೇಕು. 1963ರ ಮೆಟ್ಟಿಲಿನ ಮಾತನ್ನು ಬರೆದು 1979ರ ಚರ್ಚನ್ನು ಬಿಟ್ಟರೆ ಅಪೂರ್ಣ. ಚರ್ಚನ್ನು ಬರೆದು ಮೆಟ್ಟಿಲನ್ನು ಬಿಟ್ಟರೆ ಅನ್ಯಾಯ.

ಇನ್ನೊಂದು ಮಾತು. ವ್ಯಾಲೇಸ್ ಬದಲಾಗಲು ಗುಂಡೇಟಿನ ನೋವು ಕಾರಣವಾಗಿರಬಹುದು, ವಯಸ್ಸು ಕಾರಣವಾಗಿರಬಹುದು. ಆದರೆ ಕಪ್ಪುಜನರ ಮುಂದೆ ಅವರು ಕೈಚಾಚಿ ನಿಲ್ಲಬೇಕಾಗಿ ಬಂದದ್ದು, ಸೆಲ್ಮಾದಲ್ಲಿ ಪೆಟ್ಟು ತಿಂದವರು ಗಳಿಸಿಕೊಟ್ಟ ಮತದ ಹಕ್ಕಿನಿಂದ. ಮತವಿಲ್ಲದವರನ್ನು ಯಾರೂ ಕ್ಷಮೆ ಕೇಳಲು ಬರುತ್ತಿರಲಿಲ್ಲ. ಆ ಹಕ್ಕಿನ ಕಾವಲು ಒಮ್ಮೆಗೇ ಮುಗಿಯುವಂಥದ್ದೂ ಅಲ್ಲ. 2013ರಲ್ಲಿ ಅಲಬಾಮಾದ ಶೆಲ್ಬಿ ಜಿಲ್ಲೆ ತಂದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1965ರ ಕಾಯಿದೆಯ ಒಂದು ಮುಖ್ಯ ಭಾಗವನ್ನು ರದ್ದುಗೊಳಿಸಿತು.

ಲೂಯಿಸ್ 1986ರಲ್ಲಿ ಸಂಸತ್ತಿಗೆ ಆಯ್ಕೆಯಾಗಿ, 2020ರ ಜುಲೈ 17ರಂದು ತೀರಿಕೊಳ್ಳುವವರೆಗೂ ಸದಸ್ಯರಾಗಿದ್ದರು. ಅವರ ಪಾರ್ಥಿವ ಶರೀರವನ್ನು ಕುದುರೆ ಗಾಡಿಯಲ್ಲಿ ಪೆಟಸ್ ಸೇತುವೆ ದಾಟಿಸಿದಾಗ, ಆಚೆ ಬದಿಯಲ್ಲಿ ಅಲಬಾಮಾ ರಾಜ್ಯದ ಪೊಲೀಸರು ನಿಂತಿದ್ದರು. 55 ವರ್ಷಗಳ ಹಿಂದೆ ಅದೇ ಪಡೆ ಲಾಠಿ ಎತ್ತಿತ್ತು. ಈ ಸಲ ಅವರು ವಂದನೆ ಸಲ್ಲಿಸಿದರು.

ಚರ್ಚೆಗೆ ಪ್ರಶ್ನೆಗಳು

1. ರಾಜಕಾರಣಿಯೊಬ್ಬರು ಹಳೆಯ ಮಾತಿಗೆ ಕ್ಷಮೆ ಕೇಳಿದಾಗ, ಅದನ್ನು ಅಳೆಯಲು ನೀವು ಯಾವ ಯಾವ ಸಂಗತಿಗಳನ್ನು ನೋಡುವಿರಿ?

2. "ಕ್ಷಮಿಸಬಹುದು, ಮತ ಕೊಡಬೇಕಾಗಿಲ್ಲ, ಮತ ಕೊಡಬಹುದು, ಕ್ಷಮಿಸಬೇಕಾಗಿಲ್ಲ." ಈ ಮಾತನ್ನು 1982ರ ಚುನಾವಣೆಯ ಹಿನ್ನೆಲೆಯಲ್ಲಿ ವಿವರಿಸಿ.

3. ಅಲಬಾಮಾದ ಡೆಮಾಕ್ರಟಿಕ್ ಪಕ್ಷ ತನ್ನ ಚಿಹ್ನೆಯ ಜೊತೆಗಿದ್ದ ಘೋಷಣೆಯನ್ನು 1966ರಲ್ಲಿ ತೆಗೆದುಹಾಕಿದ್ದಕ್ಕೂ 1965ರ ಕಾಯಿದೆಗೂ ಇರುವ ಸಂಬಂಧವೇನು?